ನಂಜು ಅನ್ಕೊಂಡು ಕೂತಿದ್ವಿ, ಬಾಗ್ಲು ಕಾಲ್ಬೆರಳ ಸಂದೀಲಿತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಳೆ ಶುರುವಾದಾಗ ನೀವು ಮಳೆಗಾಲದ ಆರೋಗ್ಯ ಅಂತ ಅರ್ಧ ಪುಟ ಹಾಕಿದ್ರಿ. ಡೆಂಗಿ ಇತ್ತು, ಇಲಿಜ್ವರ ಇತ್ತು, ನೀರು ಕುದಿಸಿ ಕುಡೀರಿ ಅಂತಿತ್ತು, ಎಲ್ಲ ಸರಿ. ಕಾಲಿನ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಮಲೆನಾಡಲ್ಲಿ ಮಳೆಗಾಲ ಅಂದ್ರೆ ಮೊದ್ಲು ಕೆಡೋದೇ ಕಾಲು ಸಾರ್, ಬೆಂಗಳೂರಲ್ಲಿ ಕೂತು ಬರೆಯೋರಿಗೆ ಅದು ಗೊತ್ತಾಗಲ್ಲ ಅಂತ ಕಾಣುತ್ತೆ. ಬೇಜಾರು ಮಾಡ್ಕೋಬೇಡಿ, ಆಗ ನನಗೂ ಗೊತ್ತಿರ್ಲಿಲ್ಲ, ಅದಾದ ಮೂರು ವಾರಕ್ಕೆ ನಮ್ಮನೆಯವ್ರ ಕಾಲಿಗೆ ಸೆಲ್ಯುಲೈಟಿಸ್ ಅಂತ ಚರ್ಮದ ಕೆಳಗಿನ ಸೋಂಕು ಬಂದಾಗ ನಮ್ಮನೇಲೇ ಗೊತ್ತಾಯ್ತು. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಇದೆ, ಕತ್ತರಿ ಹಾಕೋದಾದ್ರೆ ಹಾಕಿ, ಪೆನ್ನಿನ ವಿಷ್ಯ ಮಾತ್ರ ಉಳಿಸಿ.

ನಮ್ದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಮೂರೆಕರೆ ಕಾಫಿ, ಅದ್ರೊಳಗೆ ಮೆಣಸು, ಕೆಳಗೆ ಒಂದು ತುಂಡು ಗದ್ದೆ. ಗದ್ದೇಲಿ ಏನೂ ಉಳಿಯಲ್ಲ ಬಿಟ್ಬಿಡಿ ಅಂತ ನಾನು ವರ್ಷಾ ವರ್ಷಾ ಹೇಳ್ತೀನಿ, ನಮ್ಮನೆಯವರು ಕೇಳಲ್ಲ, ಅಪ್ಪ ಮಾಡ್ಕೊಂಡು ಬಂದಿದ್ದು ಅಂತ. ಈ ಸಲ ಪುನರ್ವಸು ಮಳೆ ಹಿಡಿದಿದ್ದು ಬಿಡ್ಲೇ ಇಲ್ಲ. ಬೆಳಗ್ಗೆ ಗಂಬೂಟು ಹಾಕಿದ್ರೆ ಬಿಚ್ಚೋದು ಕತ್ಲಾದ್ಮೇಲೆ, ಒಳಗೆ ನೀರು ಪಚಪಚ ಅಂತಿರುತ್ತೆ, ರಾತ್ರಿ ಒಲೆ ಪಕ್ಕ ಮಗುಚಿ ಇಟ್ರೂ ಬೆಳಗ್ಗೆಗೆ ಒಣಗಿರಲ್ಲ, ಅದನ್ನೇ ಮತ್ತೆ ಹಾಕ್ಕೊಂಡು ಹೋಗೋದು. ಬೆರಳ ಸಂದಿ ಬೆಳ್ಳಗಾಗಿ ನೆನೆದ ಅವಲಕ್ಕಿ ಥರ ಆಗಿ ಬಿರಿದಿತ್ತು. ನಮ್ಮ ಕಡೆ ಕೆಸರುಹುಣ್ಣು ಅಂತೀವಿ, ನಾಟಿ ಕಾಲದಲ್ಲಿ ಇದು ಯಾರಿಗಿಲ್ಲ ಹೇಳಿ, ಯಾರೂ ಇದಕ್ಕೆ ಆಸ್ಪತ್ರೆಗೆ ಹೋಗಲ್ಲ. ಇವ್ರು ಪೇಟೆಗೆ ಹೋದಾಗ ಒಂದು ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ಟ್ಯೂಬ್ ತಂದ್ರು. ಎರಡೇ ದಿನಕ್ಕೆ ಕಡಿತ ನಿಂತೋಯ್ತು, ನೋಡು ಎಂಥಾ ಮದ್ದು ಅಂತ ನಂಗೇ ತೋರ್ಸಿದ್ರು. ಆ ಟ್ಯೂಬಿನ ಕಥೆ ಆಮೇಲೆ ಹೇಳ್ತೀನಿ.

ಒಂದು ಭಾನುವಾರ ಸಂಜೆ ಇದ್ದಕ್ಕಿದ್ದಂಗೆ ನಡುಕ ಬಂತು. ಹಲ್ಲು ಕಟಕಟ ಅನ್ನೋ ಚಳಿ, ಎರಡು ಕಂಬಳಿ ಹೊದ್ಸಿದ್ರೂ ಮಂಚ ಅಲ್ಲಾಡೋದು. ಡೆಂಗಿ ಇರ್ಬೇಕು ಅನ್ಕೊಂಡು ಜ್ವರದ ಮಾತ್ರೆ ಕೊಟ್ಟು ಮಲಗಿಸ್ದೆ. ಕಾಲು ನೋಡ್ಬೇಕು ಅಂತ ಯಾರಿಗೆ ಹೊಳೆಯುತ್ತೆ? ಈ ರೋಗದಲ್ಲಿ ಎಷ್ಟೋ ಸಲ ಮೊದ್ಲು ಚಳಿಜ್ವರ ಬಂದು, ಕೆಲವು ತಾಸು ಬಿಟ್ಟು ಅಥವಾ ಮಾರನೇ ದಿನ ಕಾಲು ಬಣ್ಣ ತಿರುಗುತ್ತಂತೆ, ಇದು ನಮಗೆ ಆಮೇಲೆ ಗೊತ್ತಾಗಿದ್ದು. ಬೆಳಗ್ಗೆ ಎದ್ದು ನೋಡಿದ್ರೆ ಎಡಗಾಲು ಹಿಮ್ಮಡಿಯಿಂದ ಮೊಣಕಾಲ ಕೆಳಗಿನ ತನಕ ಊದಿ, ಚರ್ಮ ಬಿಗಿದು ಮಿರಮಿರ ಮಿಂಚ್ತಿದೆ, ಕೈ ಇಟ್ರೆ ಇಸ್ತ್ರಿಪೆಟ್ಟಿಗೆ ಮುಟ್ಟಿದಂಗೆ, ತೊಡೆಸಂದೀಲಿ ಒಂದು ಗಂಟು ಬೇರೆ ಕಟ್ಟಿತ್ತು.

ನಮ್ಮತ್ತೆ ಒಂದು ಸಲ ನೋಡಿದ್ರು, "ನಂಜಾಗಿದೆ ಕಣೇ" ಅಂದ್ರು. ಮುಗೀತು. ಮನೇಲಿ ಬದನೆಕಾಯಿ ಬಂದ್, ಕುಂಬಳಕಾಯಿ ಬಂದ್, ಮೀನು ಮೊಟ್ಟೆ ಎಲ್ಲ ಬಂದ್. ಮಧ್ಯಾಹ್ನಕ್ಕೆ ಸುಣ್ಣ ಬೆಲ್ಲ ಕಲಸಿ ಕಾಲಿಗೆ ಮೆತ್ತಿ ಆಯ್ತು. ಪಕ್ಕದ ಮನೆ ಅಜ್ಜ ಬಂದು ನೋಡಿ ಇದು ಸರ್ಪಸುತ್ತು ಇದ್ರೂ ಇರ್ಬೋದು, ಕೆಮ್ಮಣ್ಣು ಹಚ್ಚಿ ಮಂತ್ರ ಹಾಕ್ಸಿ ಅಂದ್ರು. ಹೇಳ್ತೀನಿ ಕೇಳಿ, ಸರ್ಪಸುತ್ತೇ ಬೇರೆ, ಅದು ಚಿಕ್ಕವ್ರಿದ್ದಾಗ ಸೀತಾಳೆ ಸಿಡುಬು ಬಂದಿರುತ್ತಲ್ಲ, ಆ ವೈರಸ್ಸೇ ನರದಲ್ಲಿ ಮಲಗಿದ್ದು ಮತ್ತೆ ಏಳೋದು, ಮೈಯ ಒಂದೇ ಕಡೆ ಪಟ್ಟಿ ಕಟ್ಟಿದಂಗೆ ನೀರುಗುಳ್ಳೆ ಬರುತ್ತೆ. ನಮ್ಮನೆಯವ್ರದ್ದು ವೈರಸ್ಸೇ ಅಲ್ಲ, ಬ್ಯಾಕ್ಟೀರಿಯಾ. ಹೆಸರು ಸೆಲ್ಯುಲೈಟಿಸ್. ಚರ್ಮದ ಮೇಲ್ಪದರದಲ್ಲಿ ಅಲ್ಲ, ಅದರ ಕೆಳಗಿನ ಪದರ, ಕೊಬ್ಬಿನ ತನಕ ಇಳಿದು ಹಬ್ಬೋ ಸೋಂಕು.

ಅತ್ತೆ ಮಾತನ್ನ ನಾನು ಪೂರ್ತಿ ತಳ್ಳಿಹಾಕಲ್ಲ, ಇದನ್ನ ಹೇಳ್ಲೇಬೇಕು. ನಂಜು ಅಂದ್ರೆ ವಿಷ ತಾನೇ, ವಿಷ ಕುಡಿದ ಶಿವ ನಂಜುಂಡ, ಅವನಿರೋ ಊರು ನಂಜನಗೂಡು. ನನ್ನ ತಂಗಿ ಮಗಳು ಹಾಸನದಲ್ಲಿ ನರ್ಸಿಂಗ್ ಓದ್ತಿದಾಳೆ, ಅವಳು ಹೇಳಿದ್ಲು, "ದೊಡ್ಡಮ್ಮ, ಅಜ್ಜಿ ಹೇಳಿದ್ದು ಒಂದು ಲೆಕ್ಕಕ್ಕೆ ಸರಿನೇ, ಈ ರೋಗಾಣು ವಿಷ ಬಿಡುತ್ತೆ" ಅಂತ. ಸ್ಟ್ರೆಪ್ಟೋಕಾಕಸ್ ಅಂತ ಇದೆಯಂತೆ, ಸೂಕ್ಷ್ಮದರ್ಶಕದಲ್ಲಿ ಮಣಿ ಪೋಣಿಸಿದ ಸರ ಇದ್ದಂಗೆ ಕಾಣುತ್ತೆ. ಅದು ಒಳಗೆ ಸೇರಿದ ಮೇಲೆ ನಮ್ಮ ಮಾಂಸ ಕೊಬ್ಬಿನ ನಡುವೆ ಇರೋ ಅಂಟನ್ನೇ ಕರಗಿಸೋ ರಸ ಬಿಡುತ್ತೆ, ಅದಕ್ಕೇ ಒಂದು ಕಡೆ ಗಡ್ಡೆ ಕಟ್ಟಿ ಕೂರಲ್ಲ, ಕಾಗದದ ಮೇಲೆ ಎಣ್ಣೆ ಬಿದ್ದಂಗೆ ಹರಡ್ತಾ ಹೋಗುತ್ತೆ. ರಕ್ತ ಹೆಪ್ಪುಗಟ್ಟಿದ್ರೆ ಅದನ್ನೂ ಕರಗಿಸೋ ಇನ್ನೊಂದು ರಸ ಇದೆ ಅದ್ರ ಹತ್ರ, ಸ್ಟ್ರೆಪ್ಟೋಕೈನೇಸ್. ಹೆಸರು ಎಲ್ಲೋ ಕೇಳಿದಂಗಿದೆ ಅನ್ಸಿ ಹಳೇ ಫೈಲ್ ತೆಗೆದು ನೋಡಿದ್ರೆ ನಮ್ಮ ಮಾವನಿಗೆ ಹಾರ್ಟ್ ಅಟ್ಯಾಕ್ ಆದಾಗ ಆಸ್ಪತ್ರೇಲಿ ಕೊಟ್ಟಿದ್ದು ಅದೇ ಇಂಜೆಕ್ಷನ್! ಮಗನ ಕಾಲು ತಿಂದಿದ್ದು, ಅಪ್ಪನ ಹಾರ್ಟ್ ಉಳಿಸಿದ್ದು, ಒಂದೇ ಜಾತಿ ಕ್ರಿಮಿ. ಎರಡು ದಿನ ನಂಗೆ ಇದೇ ತಲೇಲಿ ಓಡ್ತಿತ್ತು.

ಇನ್ನೊಂದು ಸ್ಟ್ಯಾಫೈಲೋಕಾಕಸ್. 1880ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಆಗ್‌ಸ್ಟನ್ ಅನ್ನೋ ಸರ್ಜನ್ನು ಕುರುವಿನ ಕೀವು ತೆಗೆದು ನೋಡಿದಾಗ ಇದು ಕಂಡಿದ್ದಂತೆ, ದ್ರಾಕ್ಷಿ ಗೊಂಚಲಿನ ಥರ ಇತ್ತು ಅಂತ ಗ್ರೀಕ್ ಭಾಷೇಲಿ ಆ ಹೆಸರಿಟ್ಟ. ನಮ್ಮ ಕಡೆ ಹುಟ್ಟಿದ್ರೆ ಕಾಫಿಹಣ್ಣಿನ ಗೊಂಚಲು ಅಂತ ಇಡ್ತಿದ್ನೇನೋ. ಇದು ಸಾಮಾನ್ಯವಾಗಿ ಕೀವು ಮಾಡಿ ಒಂದು ಕಡೆ ಕೂರುತ್ತೆ, ಕುರು ಅಂತೀವಲ್ಲ ಅದು. ತಮಾಷೆ ಅಂದ್ರೆ ಇದು ಎಷ್ಟೋ ಜನರ ಮೂಗೊಳಗೆ, ಚರ್ಮದ ಮೇಲೆ ಸುಮ್ನೆ ಇರುತ್ತೆ, ಏನೂ ಮಾಡಲ್ಲ. ಗೋಡೆ ಬಿರುಕು ಬಿಟ್ರೆ ಮಾತ್ರ ಒಳಗೆ.

ಆದ್ರೆ ಅತ್ತೆಯ ನಂಜು ಅನ್ನೋ ಮಾತಲ್ಲಿ ತೊಂದರೆ ಎಲ್ಲಿ ಅಂದ್ರೆ, ನಾವು ಅದೊಂದೇ ಪದದೊಳಗೆ ಎಲ್ಲಾ ತುಂಬಿಟ್ಟಿದೀವಿ. ಮುಳ್ಳು ಚುಚ್ಚಿ ಕೀವಾದ್ರೂ ನಂಜು, ಇಂಬಳ, ಅಂದ್ರೆ ಜಿಗಣೆ, ಕಚ್ಚಿದ ಜಾಗ ಕೆರೆದು ಹುಣ್ಣಾದ್ರೂ ನಂಜು, ಅಲರ್ಜಿಗೂ ನಂಜು, ಕಾಲು ಕೊಳೀತಿದ್ರೂ ನಂಜು. ಹೆಸರು ಒಂದೇ ಆದ್ಮೇಲೆ ಮದ್ದೂ ಒಂದೇ, ಪಥ್ಯ ಮಾಡು, ಸೊಪ್ಪು ಅರೆದು ಹಚ್ಚು, ಕಾದು ನೋಡು. ಕೈ ಕೊಯ್ಕೊಂಡಾಗ ಕಮ್ಯುನಿಸ್ಟ್ ಗಿಡ ಅನ್ನೋ ಕಳೆಯ ಸೊಪ್ಪಿನ ರಸ ಹಿಂಡೋದು, ಕಾಫಿಪುಡಿ ಒತ್ತೋದು ನಾನೂ ಮಾಡಿದೀನಿ, ರಕ್ತ ನಿಲ್ಲುತ್ತೆ ನಿಜ, ಗಾಯದೊಳಗೆ ಪುಡಿ ಮಣ್ಣು ಎಲ್ಲ ಸೇರೋದೂ ನಿಜ. ಈ ಕಾಯಿಲೇಲಿ ಸೋಂಕು ಇರೋದು ಚರ್ಮದ ಕೆಳಗೆ, ಮೇಲೆ ಸುಣ್ಣ ಮೆತ್ತಿದ್ರೆ ಅಲ್ಲಿಗೆ ಏನು ಹೋಗುತ್ತೆ? ಉಲ್ಟಾ ಸುಣ್ಣ ಸುಟ್ಟು ಮೊಣಕಾಲ ಕೆಳಗೆ ಎರಡು ಬೊಬ್ಬೆ ಎದ್ದಿತ್ತು, ಡಾಕ್ಟ್ರು ಇದು ರೋಗದ ಬೊಬ್ಬೆನೋ ಸುಣ್ಣದ ಬೊಬ್ಬೆನೋ ಅಂತ ತಲೆ ಕೆಡಿಸ್ಕೋಬೇಕಾಯ್ತು.

ಸೋಮವಾರ ಪೇಟೇಲಿ ಒಬ್ರ ಕ್ಲಿನಿಕ್ಕಿಗೆ ಹೋದ್ವಿ. ಒಂದು ಇಂಜೆಕ್ಷನ್ ಚುಚ್ಚಿ ಎರಡು ದಿನದ ಮಾತ್ರೆ ಕೊಟ್ರು, ಶುಗರ್ ಇದೆಯಾ ಅಂತ ಕೇಳ್ಲೂ ಇಲ್ಲ, ಕಾಲು ಪೂರ್ತಿ ನೋಡ್ಲೂ ಇಲ್ಲ, ಹೊರಗೆ ಜನ ಅಷ್ಟಿತ್ತು. ಜ್ವರ ಇಳೀತು. ಇವ್ರು ಬುಧವಾರ ಮತ್ತೆ ಗಂಬೂಟು ಹಾಕ್ಕೊಂಡು ಗದ್ದೆಗೆ. ನಾನು ಬೈದೆ, ರೀ ಕಾಲು ಇನ್ನೂ ಊದಿದೆ ಅಂದ್ರೆ ನಾಟಿ ಆಳು ಬಂದಿದಾರೆ ನಾನು ಮಲಗಿದ್ರೆ ಆಗುತ್ತಾ ಅಂತ. ಗುರುವಾರ ರಾತ್ರಿ ಮತ್ತೆ ನಡುಕ, ಈ ಸಲ ಮಾತು ತೊದಲ್ತಿತ್ತು, ಕಾಲು ಕೆಂಪು ಹೋಗಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮನೇಲಿದ್ದ ಮಿಷನ್ನಲ್ಲಿ ಶುಗರ್ ನೋಡಿದ್ರೆ 310. ರಾತ್ರಿನೇ ಜೀಪ್ ಮಾಡ್ಕೊಂಡು ಹಾಸನಕ್ಕೆ.

ಅಲ್ಲಿ ಡ್ಯೂಟೀಲಿದ್ದಿದ್ದು ಒಬ್ರು ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ, ನಮ್ಮ ಮಗಳ ವಯಸ್ಸು ಇರ್ಬೋದು. ಆ ಹುಡುಗಿ ಮೊದ್ಲು ಮಾಡಿದ ಕೆಲ್ಸ ಏನು ಗೊತ್ತಾ, ಜೇಬಿಂದ ಬಾಲ್‌ಪೆನ್ ತೆಗೆದು ಕೆಂಪು ಎಲ್ಲಿಗೆ ನಿಂತಿದೆ ಅಲ್ಲಿಗೆ ಕಾಲ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಟೈಮು ಬರೆದ್ರು. ನಮ್ಮ ಸರ್ವೇಯರ್ ಜಮೀನಿಗೆ ಕಲ್ಲು ನೆಟ್ಟಂಗೆ! ಇದ್ಯಾಕೆ ಅಂತ ಕೇಳಿದ್ರೆ, ನಾಳೆ ಹೆಚ್ಚಾಯ್ತಾ ಕಮ್ಮಿ ಆಯ್ತಾ ಅಂತ ನಾನೂ ನೀವೂ ಜಗಳ ಆಡೋ ಹಂಗಿಲ್ಲ ಅಲ್ವಾ ಅಮ್ಮಾ, ಗೆರೆ ಹೇಳುತ್ತೆ ಅಂದ್ರು. ಐದು ರೂಪಾಯಿ ಪೆನ್ನು ಸಾರ್. ಸೋಮವಾರ ಬೆಳಗ್ಗೆ ಆ ಗೆರೆ ನಾವೇ ಎಳೆದಿದ್ರೆ ಬುಧವಾರ ಇವ್ರು ಗದ್ದೆಗೆ ಇಳೀತಿರ್ಲಿಲ್ಲ, ಯಾಕಂದ್ರೆ ಜ್ವರ ಇಳಿದಿತ್ತೇ ಹೊರತು ಕೆಂಪು ನಾಲ್ಕು ಬೆರಳು ಮೇಲೆ ಹತ್ತಿತ್ತು ಅಂತ ಈಗ ನೆನಪಿಸ್ಕೊಂಡ್ರೆ ಗೊತ್ತಾಗುತ್ತೆ.

ಆಮೇಲೆ ಅವ್ರು ಬೆರಳು ಒಂದೊಂದೇ ಬಿಡಿಸಿ ನೋಡ್ತಾ ಬಂದ್ರು, ಕಿರುಬೆರಳು ಮತ್ತೆ ಅದರ ಪಕ್ಕದ ಬೆರಳ ಸಂದಿಗೆ ಬಂದಾಗ ಟಾರ್ಚ್ ಹಾಕಿ, "ಬನ್ನಿ ನೋಡಿ, ಕಳ್ಳ ಒಳಗೆ ಬಂದಿರೋ ಬಾಗ್ಲು ಇದು" ಅಂದ್ರು. ಒಂದು ಸೀಳು, ಅಷ್ಟೇ. ಅಕ್ಕಿಕಾಳಿನಷ್ಟು ಉದ್ದ ಇರ್ಬೋದು. ಆ ಕೆಸರುಹುಣ್ಣು ಫಂಗಸ್, ಚರ್ಮ ಕೊರೆದು ದಾರಿ ಮಾಡಿದ್ದು ಅದು, ದಾರೀಲಿ ಬಂದಿದ್ದು ಬ್ಯಾಕ್ಟೀರಿಯಾ. ಇಲಿಜ್ವರದ ಕ್ರಿಮಿ ನುಗ್ಗೋದೂ ಇಂಥ ಬಿರುಕಲ್ಲೇ ಅಂತೆ, ನಿಮ್ಮ ಅರ್ಧ ಪುಟದಲ್ಲಿ ಇಲಿಜ್ವರ ಇತ್ತಲ್ಲ, ಬಾಗಿಲಿನ ವಿಷ್ಯ ಮಾತ್ರ ಬಿಟ್ಟೋಗಿತ್ತು. ಶುಗರ್ ಹೆಚ್ಚಿದ್ದೋರಿಗೆ ಕಾಲಲ್ಲಿ ಸ್ಪರ್ಶ ಕಮ್ಮಿ ಆಗಿರುತ್ತೆ, ಸೀಳು ಇದ್ರೂ ನೋವೇ ಗೊತ್ತಾಗಲ್ಲ, ರೋಗದ ವಿರುದ್ಧ ಹೊಡೆದಾಡೋ ಶಕ್ತಿನೂ ಕಮ್ಮಿ, ಅದಕ್ಕೆ ಅವ್ರದ್ದು ಬೇಗ ಕೈ ಮೀರುತ್ತೆ. ಇವ್ರಿಗೆ ಶುಗರ್ ಬಂದು ಎಂಟು ವರ್ಷ, ಒಂದು ದಿನ ಕೂಡ ಯಾರೂ ಬೆರಳ ಸಂದಿ ನೋಡ್ಕೊಳ್ಳಿ ಅಂತ ಹೇಳಿರ್ಲಿಲ್ಲ, ಅಥವಾ ಹೇಳಿದ್ರೂ ಇವ್ರು ಕಿವಿಗೆ ಹಾಕ್ಕೊಂಡಿರಲ್ಲ ಬಿಡಿ.

ಈಗ ಟ್ಯೂಬಿನ ಕಥೆ. ನಾನು ಬ್ಯಾಗಿಂದ ತೆಗೆದು ತೋರಿಸ್ದೆ. ಅದ್ರಲ್ಲಿ ಮೂರು ಮದ್ದು ಸೇರಿಸಿರ್ತಾರೆ, ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಗೆ ಒಂದು, ಜೊತೆಗೆ ಸ್ಟಿರಾಯ್ಡು. ಕಡಿತ ಎರಡು ದಿನಕ್ಕೆ ನಿಂತಿದ್ದು ಸ್ಟಿರಾಯ್ಡಿನಿಂದ. ಅದು ಉರಿ ಕಡಿತ ಅಡಗಿಸುತ್ತೆ, ಜೊತೆಗೆ ಆ ಜಾಗದಲ್ಲಿ ಕಾವಲು ಇರೋ ನಮ್ಮ ಶಕ್ತಿನೂ ಅಡಗಿಸುತ್ತೆ, ಫಂಗಸ್ಸು ಒಳಗೊಳಗೇ ಬೆಳೆಯುತ್ತೆ, ದಿನಾ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ಇನ್ನೂ ಬೇಗ ಬಿರಿಯುತ್ತೆ. ನಾಯಿ ಬೊಗಳ್ತಿದೆ ಅಂತ ನಾಯಿ ಬಾಯಿ ಕಟ್ಟಿದಂಗೆ ಆಯ್ತು, ಕಳ್ಳನಿಗೆ ಇನ್ನೂ ಸಲೀಸು. ನಮ್ಮೂರಲ್ಲಿ ಹುಳುಕಡ್ಡಿಗೆ, ತೊಡೆ ಕಡಿತಕ್ಕೆ, ಕೊನೆಗೆ ಮುಖ ಬೆಳ್ಳಗಾಗ್ಲಿ ಅಂತ ಹುಡುಗೀರು ಕೂಡ ಇಂಥ ಟ್ಯೂಬೇ ಹಚ್ಚೋದು. ಅಂಗಡಿಯವ್ರನ್ನ ಮಾತ್ರ ಬೈದು ಏನು ಪ್ರಯೋಜನ, ಹಳೇ ಟ್ಯೂಬಿನ ಖಾಲಿ ಡಬ್ಬಿ ತಗೊಂಡು ಹೋಗಿ ಇದೇ ಕೊಡಿ ಅಂತ ಕೇಳೋರು ನಾವೇ. ಆದ್ರೂ ಚೀಟಿ ಇಲ್ದೆ ಕೊಡೋ ಹಂಗಿಲ್ಲ ಅನ್ನೋ ಕಾನೂನು ಇದೆ. ಆಂಟಿಬಯೋಟಿಕ್ ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತೆ ನೋಡಿ, ಡಾಕ್ಟ್ರು ಬರೆದ್ರೆ ಮಾತ್ರ ಅಂತ ಅದರರ್ಥ. 2014ರ ಮಾರ್ಚಿಂದ ಕೆಲವು ಸ್ಟ್ರಾಂಗ್ ಆಂಟಿಬಯೋಟಿಕ್ಕುಗಳನ್ನ ಎಚ್ ಒನ್ ಅಂತ ಬೇರೆ ಪಟ್ಟಿಗೆ ಸೇರ್ಸಿದಾರೆ, ಯಾರು ಬರೆದ್ರು ಯಾರು ತಗೊಂಡ್ರು ಅಂತ ಅಂಗಡಿಯವ್ರು ರಿಜಿಸ್ಟರಲ್ಲಿ ಬರೆದು 3 ವರ್ಷ ಇಟ್ಕೋಬೇಕು. ನಮ್ಮ ಕಡೆ ನಾಲ್ಕು ಮಾತ್ರೆ ಕೊಡಿ ಅಂದ್ರೆ ಕತ್ತರೀಲಿ ಕತ್ತರಿಸಿ ಕೊಡ್ತಾರೆ, ಕೆಂಪು ಗೆರೆ ಅರ್ಧ ಅವ್ರ ಹತ್ರ ಅರ್ಧ ನಮ್ಮ ಹತ್ರ.

ಆಸ್ಪತ್ರೇಲಿ ಆರು ದಿನ ಇದ್ವಿ. ರಕ್ತದ ನಾಳಕ್ಕೇ ಆಂಟಿಬಯೋಟಿಕ್, ಶುಗರಿಗೆ ಇನ್ಸುಲಿನ್, ಮತ್ತೆ ಕಾಲು ಮೇಲೆ. ಈ ಕಾಲು ಮೇಲೆ ಇಡೋದನ್ನ ನಾನು ಮೊದ್ಲು ಅಷ್ಟು ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಎರಡು ದಿಂಬು, ಅದರ ಮೇಲೆ ಮಡಚಿದ ಕಂಬಳಿ, ಹಿಮ್ಮಡಿ ಎದೆಗಿಂತ ಎತ್ತರ ಇರ್ಬೇಕು ಅಂದ್ರು. ಊತದ ನೀರು ಇಳಿದ್ರೇನೇ ಮದ್ದೂ ರಕ್ತವೂ ಅಲ್ಲಿಗೆ ಸರಿಯಾಗಿ ಹೋಗೋದು. ಇವ್ರು ಅರ್ಧ ಗಂಟೆಗೊಂದ್ಸಲ ಕಾಲು ಕೆಳಗೆ ಬಿಟ್ಕೊಂಡು ಕೂರೋರು, ಪಕ್ಕದ ಬೆಡ್ಡಿನವ್ರ ಜೊತೆ ಮೆಣಸಿನ ರೇಟು ಮಾತಾಡಕ್ಕೆ. ಶಾಖ ಕೊಡ್ಬೇಡಿ, ಎಣ್ಣೆ ಹಚ್ಚಿ ತಿಕ್ಬೇಡಿ ಅಂತನೂ ಹೇಳಿದ್ರು, ಅಷ್ಟರಲ್ಲಿ ನಮ್ಮತ್ತೆ ಫೋನಲ್ಲಿ ಉಪ್ಪಿನ ಶಾಖ ಕೊಡು ಅಂತ ಮೂರು ಸಲ ಹೇಳಿ ಆಗಿತ್ತು.

ಶುಕ್ರವಾರ ರಾತ್ರಿ ನಾನು ಟಾರ್ಚ್ ಹಿಡಿದು ನೋಡಿದ್ರೆ ಕೆಂಪು ಗೆರೆ ದಾಟಿ ಎರಡು ಬೆರಳು ಮೇಲೆ ಬಂದಿದೆ! ಓಡಿ ಹೋಗಿ ನರ್ಸನ್ನ ಎಬ್ಬಿಸ್ದೆ. ಡಾಕ್ಟ್ರಮ್ಮ ಬಂದು ನೋಡಿ, ಮದ್ದು ಶುರು ಮಾಡಿದ ಮೊದಲ ಒಂದೆರಡು ದಿನ ಸ್ವಲ್ಪ ಹೀಗೆ ಆಗ್ಬೋದು, ಕ್ರಿಮಿ ಸಾಯುವಾಗ ಅದರೊಳಗಿನ ವಿಷ ಹೊರಗೆ ಬಂದು ಉರಿ ಹೆಚ್ಚಾಗುತ್ತೆ, ಜ್ವರ ಇಳೀತಿದೆ, ಬಿಪಿ ಸರಿ ಇದೆ, ಮಾತು ಸರಿ ಇದೆ, ಅದು ಮುಖ್ಯ ಅಂದ್ರು. ಅತ್ತೆಯ ನಂಜು ಮತ್ತೆ ಬಂತಲ್ಲ ಅನ್ಕೊಂಡೆ. ಭಾನುವಾರಕ್ಕೆ ಗೆರೆಯಿಂದ ಕೆಳಗೆ ಇಳೀತು, ಬಿಗಿದಿದ್ದ ಚರ್ಮ ಸುಕ್ಕು ಸುಕ್ಕಾಯ್ತು, ಅದೇ ಒಳ್ಳೇ ಗುರುತು. ಮನೆಗೆ ಬಂದ್ಮೇಲೆ ಹಾವು ಪೊರೆ ಬಿಟ್ಟಂಗೆ ಸಿಪ್ಪೆ ಸುಲೀತು. ಊತ ಪೂರ್ತಿ ಇಳಿಯೋಕೆ ಇನ್ನೂ ಐದಾರು ವಾರ ಹಿಡೀತು, ಊತ ಇದೆ ಅಂದ್ರೆ ಸೋಂಕು ಇದೆ ಅಂತಲ್ಲ, ಇದು ಗೊತ್ತಿಲ್ದೆ ಎಷ್ಟೋ ಜನ ಸುಮ್ನೆ ಮತ್ತೆ ಮತ್ತೆ ಆಂಟಿಬಯೋಟಿಕ್ ನುಂಗ್ತಾರೆ.

ಎಷ್ಟು ದಿನ ನುಂಗ್ಬೇಕು ಅನ್ನೋದಕ್ಕೆ ತಂಗಿ ಮಗಳು ಒಂದು ಕಥೆ ಹೇಳಿದ್ಲು, ಅದು ನನ್ನ ಮನಸ್ಸಲ್ಲಿ ಕೂತ್ಬಿಟ್ಟಿದೆ. 1941ರ ಫೆಬ್ರವರೀಲಿ ಇಂಗ್ಲೆಂಡಿನ ಆಕ್ಸ್‌ಫರ್ಡಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅಂತ ಒಬ್ಬ ಪೊಲೀಸ್, ಮುಖಕ್ಕೆ ಆದ ಗಾಯದಿಂದ ಸೋಂಕು ಹಬ್ಬಿ ಒಂದು ಕಣ್ಣೂ ಹೋಗಿತ್ತು. ಗುಲಾಬಿ ಮುಳ್ಳು ಗೀರಿದ್ದು ಅಂತ ಕಥೆ, ಬಾಂಬ್ ದಾಳೀಲಿ ಆದ ಗಾಯ ಅಂತಾನೂ ಹೇಳ್ತಾರೆ. ಅವನ ಮೇಲೂ ಇದೇ ಜೋಡಿ, ಸರದ್ದೊಂದು ಗೊಂಚಲಿಂದೊಂದು. ಆಗಿನ್ನೂ ಪೆನ್ಸಿಲಿನ್ ಪ್ರಯೋಗದಲ್ಲಿತ್ತು, ಅವನಿಗೆ ಕೊಟ್ರು, ಒಂದೇ ದಿನಕ್ಕೆ ಜ್ವರ ಇಳಿದು ಊಟ ಮಾಡೋಕೆ ಶುರು ಮಾಡ್ದ. ಆದ್ರೆ ಮದ್ದು ಇದ್ದಿದ್ದೇ ಚೂರು, ಅವನ ಮೂತ್ರದಿಂದ ಪೆನ್ಸಿಲಿನ್ ವಾಪಸ್ ತೆಗೆದು ಅದನ್ನೇ ಮತ್ತೆ ಕೊಟ್ರಂತೆ, ಆದ್ರೂ ಸಾಕಾಗ್ಲಿಲ್ಲ. ಮದ್ದು ಮುಗೀತು, ಸೋಂಕು ತಿರುಗಿ ಬಂತು, ಮಾರ್ಚಲ್ಲಿ ತೀರ್ಕೊಂಡ. ಅವತ್ತು ಮದ್ದು ಇಲ್ದೆ ಅರ್ಧಕ್ಕೆ ನಿಂತಿದ್ದು. ನಮ್ಮನೇಲಿ ಮದ್ದು ಸಿಗೋ ಹಂಗಿದ್ದೂ ಎರಡು ದಿನಕ್ಕೆ ನಿಂತಿತ್ತು, ನಾಟಿ ಇದೆ ಅಂತ. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತಗೋವಾಗ್ಲೇ ಹೇಳಿದ್ನಂತೆ, ಸಾಕಷ್ಟು ಪ್ರಮಾಣ ಕೊಡದಿದ್ರೆ ಕ್ರಿಮಿ ಸಾಯಲ್ಲ, ಮದ್ದಿಗೇ ಪಳಗುತ್ತೆ ಅಂತ. ಹಂಗಂತ ತಿಂಗಳುಗಟ್ಲೆ ನುಂಗಿ ಅಂತಲ್ಲ, ತೊಡಕಿಲ್ಲದ ಸೆಲ್ಯುಲೈಟಿಸ್ಸಿಗೆ ಈಗ ಐದು ದಿನ ಸಾಕು, ಇಳೀದಿದ್ರೆ ಮುಂದುವರಿಸ್ತಾರೆ. ಡಾಕ್ಟ್ರು ಬರೆದಷ್ಟು ದಿನ, ನಮಗೆ ಹುಷಾರಾದಂಗೆ ಅನ್ಸಿದಷ್ಟು ದಿನ ಅಲ್ಲ.

ಬಣ್ಣದ ವಿಷ್ಯ ಒಂದು. ನಾನು ಆಸ್ಪತ್ರೇಲಿ ಕೂತು ಮೊಬೈಲಲ್ಲಿ ಹುಡುಕಿದ್ರೆ ಬಂದ ಫೋಟೋ ಎಲ್ಲ ಬಿಳಿಯರ ಕಾಲು, ಟೊಮೆಟೊ ಥರ ಕೆಂಪು. ನಮ್ಮ ಜನ ಬಿಸಿಲಲ್ಲಿ ದುಡಿಯೋರು, ಕಪ್ಪು ಕಾಲಲ್ಲಿ ಆ ಕೆಂಪು ಎಲ್ಲಿ ಕಾಣುತ್ತೆ, ಇನ್ನೂ ಸ್ವಲ್ಪ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುತ್ತೆ ಅಷ್ಟೇ. ಅದಕ್ಕೆ ಕಣ್ಣು ನಂಬ್ಕೊಂಡು ಕೂರ್ಬೇಡಿ, ಅಂಗೈ ಹಿಂಭಾಗ ಇಟ್ಟು ಎರಡೂ ಕಾಲು ಮುಟ್ಟಿ ನೋಡಿ, ಒಂದು ಬಿಸಿ ಒಂದು ತಣ್ಣಗಿದ್ರೆ, ನೋವು ಊತ ಇದ್ರೆ ಹೊರಡಿ. ಒಂದು ಕಾಲು ಅನ್ನೋದು ಮುಖ್ಯ. ನಮ್ಮತ್ತೆಗೆ ಎರಡೂ ಕಾಲು ವರ್ಷಗಳಿಂದ ಊದಿ ಕೆಂಪಗೆ ಕಪ್ಪಗೆ ಆಗಿದೆ, ಅದು ರಕ್ತನಾಳದ್ದು, ಎರಡೂ ಒಟ್ಟಿಗೆ ಕೆಂಪಾದ್ರೆ ಹೆಚ್ಚಾಗಿ ಸೆಲ್ಯುಲೈಟಿಸ್ ಅಲ್ಲ ಅಂತ ಅವ್ರನ್ನ ನೋಡಿದ ಡಾಕ್ಟ್ರು ಹೇಳಿದ್ರು. ಹಂಗೇ ಒಂದೇ ಕಾಲು ಊದಿದ್ರೂ ಮೀನಖಂಡದ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಊದಿರ್ಬೋದು, ಅದನ್ನ ಸ್ಕ್ಯಾನ್ ಮಾಡಿನೇ ನೋಡ್ಬೇಕು, ನಾನು ನೀವು ಹೇಳೋದಲ್ಲ.

ಕಾಯೋದೇ ಬೇಡ ಅನ್ನೋದು ಕೆಲವು ಇದೆ. ನೋಡೋಕೆ ಚೂರೇ ಕೆಂಪಿದ್ದು ನೋವು ಮಾತ್ರ ಕಿರುಚೋವಷ್ಟಿದ್ರೆ, ಚರ್ಮ ಕಪ್ಪಾಗ್ತಿದ್ರೆ, ಅಲ್ಲಿ ಸ್ಪರ್ಶನೇ ಗೊತ್ತಾಗದಂಗಾದ್ರೆ, ಒತ್ತಿದ್ರೆ ಒಳಗೆ ಚರಚರ ಅಂದ್ರೆ, ಮನುಷ್ಯ ಮಾತು ತಪ್ತಿದ್ರೆ, ಅದು ಮಾಂಸ ಕೊಳೆಯೋ ಜಾತಿ ಸೋಂಕು ಇರ್ಬೋದು, ಅದಕ್ಕೆ ಮಾತ್ರೆ ಸಾಲಲ್ಲ, ತಾಸುಗಳ ಲೆಕ್ಕದಲ್ಲಿ ಆಪರೇಷನ್ ಬೇಕಾಗುತ್ತೆ. ಕಣ್ಣ ಸುತ್ತ ಊದಿದ್ರೂ ಅಷ್ಟೇ, ಎಳೇ ಮಕ್ಕಳಿಗೆ ಬಂದ್ರೂ ಅಷ್ಟೇ. ಇವ್ರು ಮಾತು ತೊದಲಿದ ರಾತ್ರಿ ಬೆಳಗಾಗ್ಲಿ ಮೊದ್ಲ ಬಸ್ಸಿಗೆ ಹೋಗೋಣ ಅಂದಿದ್ರು, ನಾನು ಕೇಳಲಿಲ್ಲ.

ಮಕ್ಕಳು ಅಂದಾಗ ನೆನಪಾಯ್ತು. ತೋಟದ ಆಳುಗಳಿರೋ ಲೈನ್ ಮನೆಗಳಲ್ಲಿ ಮಕ್ಕಳ ಮೂಗಿನ ಕೆಳಗೆ ಬಾಯಿ ಸುತ್ತ ಜೇನುತುಪ್ಪ ಒಣಗಿದಂಗೆ ಹಳದಿ ಚೆಕ್ಕೆ ಕಟ್ಟಿರುತ್ತಲ್ಲ, ಇಂಪೆಟೈಗೋ ಅಂತಾರೆ ಅದಕ್ಕೆ, ಅದೂ ಈ ಎರಡು ಕ್ರಿಮಿಗಳದ್ದೇ ಕೆಲ್ಸ, ಚರ್ಮದ ಮೇಲ್ಪದರದಲ್ಲಿ. ಒಂದು ಮಗುವಿಗೆ ಬಂದ್ರೆ ಒಂದೇ ಟವೆಲಲ್ಲಿ ಮೂತಿ ಒರೆಸಿ ಒರೆಸಿ ನಾಲ್ಕು ಮಕ್ಕಳಿಗೆ. ಉಗುರು ಕತ್ತರಿಸಿ, ಚೆಕ್ಕೆ ಸೋಪುನೀರಲ್ಲಿ ಮೆತ್ತಗೆ ಮಾಡಿ ತೆಗೆದು, ಡಾಕ್ಟ್ರು ಬರೆದ ಆಂಟಿಬಯೋಟಿಕ್ ಮುಲಾಮು ಹಚ್ಚಿದ್ರೆ ಸಾಮಾನ್ಯವಾಗಿ ವಾಸಿಯಾಗುತ್ತೆ. ಆದ್ರೆ ಒಂದು ಗಮನದಲ್ಲಿರ್ಲಿ, ಹುಣ್ಣು ಆಗಿ ಕೆಲವು ವಾರಕ್ಕೆ, ಸಾಮಾನ್ಯವಾಗಿ ಮೂರರಿಂದ ಆರು ವಾರದಲ್ಲಿ, ಮಗುವಿನ ಮುಖ ಊದಿ ಉಚ್ಚೆ ಹಾಲಿಲ್ಲದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಅದು ಕಿಡ್ನಿಗೆ ಪೆಟ್ಟು, ಕೂಡ್ಲೇ ತೋರಿಸ್ಬೇಕು. ಕುರು ಆದ್ರೆ ಹಿಂಡಬೇಡಿ, ಮೂಗಿನ ಮೇಲೆ ಮೇಲ್ದುಟಿ ಮೇಲೆ ಆಗಿದ್ದಂತೂ ಮುಟ್ಟಲೇಬೇಡಿ. ದೊಡ್ಡದಾಗಿ ಕೀವು ತುಂಬಿದ್ರೆ ಡಾಕ್ಟ್ರು ಕೊಯ್ದು ಕೀವು ಬಿಡೋದೇ ಮುಖ್ಯ ಮದ್ದು, ಮಾತ್ರೆ ಆಮೇಲೆ.

ಮನೆಗೆ ಕಳಿಸುವಾಗ ಡಾಕ್ಟ್ರಮ್ಮ ಒಂದು ಮಾತು ಹೇಳಿದ್ರು, ಒಂದು ಸಲ ಬಂದ ಕಾಲಿಗೆ ಮತ್ತೆ ಬರೋ ಸಂಭವ ಹೆಚ್ಚು, ಪ್ರತಿ ಸಲ ಬಂದಾಗ್ಲೂ ಒಳಗಿನ ನೀರು ಹೋಗೋ ನಾಳಗಳು ಕೆಡ್ತಾವೆ, ನಾಳ ಕೆಟ್ರೆ ಊತ, ಊತ ಇದ್ರೆ ಮತ್ತೆ ಸೋಂಕು, ಗಾಣದೆತ್ತಿನ ಥರ. ಹಂಗೆ ಮತ್ತೆ ಮತ್ತೆ ಬರೋರಿಗೆ ಪೆನ್ಸಿಲಿನ್ನನ್ನೇ ಸಣ್ಣ ಪ್ರಮಾಣದಲ್ಲಿ ವರ್ಷಗಟ್ಲೆ ಕೊಡೋದೂ ಇದೆಯಂತೆ. ಸದ್ಯಕ್ಕೆ ನಮಗೆ ಹೇಳಿರೋದು ಬಾಗ್ಲು ಹಾಕೋ ಕೆಲ್ಸ, ದಿನಾ ರಾತ್ರಿ ಕಾಲು ತೊಳೆದು ಬೆರಳ ಸಂದಿ ಹಳೇ ಪಂಚೆ ಬಟ್ಟೇಲಿ ಒತ್ತಿ ಒಣಗಿಸೋದು, ಫಂಗಸ್ಸಿನ ಕ್ರೀಮು ಸ್ಟಿರಾಯ್ಡ್ ಇಲ್ಲದ್ದು ಕಡಿತ ನಿಂತ ಮೇಲೂ ಬರೆದಷ್ಟು ವಾರ ಹಚ್ಚೋದು, ಒಣಗಿದ ಹಿಮ್ಮಡಿಗೆ ಏನಾದ್ರೂ ಎಣ್ಣೆ ಜಿಡ್ಡು. ಗಂಬೂಟು ಎರಡು ಜೊತೆ ತಗೊಂಡಿದೀವಿ, ಒಂದು ಒಣಗೋವಾಗ ಇನ್ನೊಂದು. ಎಂಥಾ ದೊಡ್ಡ ಖರ್ಚು ಅನ್ಕೊಂಡಿದ್ದೆ, ಆಸ್ಪತ್ರೆಗೆ ಹೋಗಿ ಬಂದ ಜೀಪ್ ಬಾಡಿಗೆಗಿಂತ ಕಮ್ಮಿ.

ಅದಕ್ಕೇ ಕೇಳೋದು ಸಾರ್. ದೊಡ್ಡ ತೋಟದವ್ರು ಆಳುಗಳಿಗೆ ಬೂಟು ಕೊಡ್ತಾರೆ, ಅದನ್ನ ಒಣಗಿಸೋಕೆ ಒಂದು ಜಾಗ ಕೊಡ್ತಾರಾ? ಕಾಫಿ ಒಣಗಿಸೋಕೆ ಡ್ರೈಯರ್ ಇದೆಯಲ್ಲ. ಆಶಾ ಕಾರ್ಯಕರ್ತೆಯರು ಮಳೆಗಾಲದಲ್ಲಿ ಮನೆಮನೆಗೆ ಬಂದು ನೀರಿನ ತೊಟ್ಟಿ ಇಣುಕಿ ನೋಡ್ತಾರೆ, ಜೊತೆಗೆ ಶುಗರ್ ಇರೋರ ಕಾಲ್ಬೆರಳ ಸಂದಿ ಇಣುಕಿ ನೋಡೋಕೆ ಎರಡು ನಿಮಿಷ ಸಾಕು, ಆರೋಗ್ಯ ಇಲಾಖೆಯವ್ರು ಅದನ್ನೂ ಅವರ ಕೆಲಸಕ್ಕೆ ಸೇರ್ಸಿ, ಅದಕ್ಕೆ ಕಾಸೂ ಕೊಡ್ಲಿ, ಪುಕ್ಕಟೆ ಕೆಲ್ಸ ಆ ಹೆಣ್ಮಕ್ಕಳ ಮೇಲೆ ಈಗಾಗ್ಲೇ ಸಾಕಷ್ಟಿದೆ. ಮತ್ತೆ ನೀವು ಮುಂದಿನ ಮಳೆಗಾಲಕ್ಕೆ ಅರ್ಧ ಪುಟ ಹಾಕುವಾಗ ಒಂದು ಫೋಟೋ ಹಾಕಿ, ನಮ್ಮಂಥ ಕಪ್ಪು ಕಾಲಿನ ಫೋಟೋ, ಮೇಲೆ ಪೆನ್ನಿನ ಗೆರೆ ಎಳೆದಿರೋದು. ಫೋಟೋ ನನ್ನ ಮೊಬೈಲಲ್ಲೇ ಇದೆ, ಬೇಕಾದ್ರೆ ಕಳಿಸ್ತೀನಿ, ಮುಖ ಇಲ್ಲ, ಕಾಲು ಮಾತ್ರ.

ನನ್ನ ಹೆಸರು ಮಾತ್ರ ಹಾಕ್ಬೇಡಿ. ನಮ್ಮನೆಯವರು ಈಗ ಕಾಲು ಮೇಲಿಟ್ಕೊಂಡು ದಿನಾ ನಿಮ್ಮ ಪೇಪರ್ ಮೊದಲಿಂದ ಕೊನೇ ತನಕ ಓದ್ತಾರೆ.

ಇಂತಿ,
ಹೆತ್ತೂರು ಕಡೆಯ ಒಬ್ಬ ಹಳೇ ಓದುಗರು
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ